ತಾನವ್ವ ಕಟ್ಟಿದ ಟ್ರ್ಯಾಕ್ಟರ್ ಮನೆ

ಗೌಂಡಿ ತಾನವ್ವ ಗೋಡೆಗೆ ಕೆನ್ನೆ ಹಚ್ಚಿ ನಿಲ್ಲುತ್ತಿದ್ದಳು. ಕಟ್ಟಿದ ಗೋಡೆ ನೆಟ್ಟಗಿದೆಯೋ ಇಲ್ಲವೋ ನೋಡಲು ಉಳಿದ ಗೌಂಡಿಗಳು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಡುತ್ತಾರೆ. ಅವಳ ಹತ್ತಿರವೂ ಗುಂಡು ಇತ್ತು. ಆದರೆ ಅದಕ್ಕೂ ಮೊದಲು ಎಡಗೆನ್ನೆಯನ್ನು ಕಲ್ಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ, ಉಸಿರು ಹಿಡಿದು ಗೋಡೆಯ ಉದ್ದಕ್ಕೂ ನೋಡುತ್ತಿದ್ದಳು. ಆಮೇಲೆ ಬಾಯಿಯಲ್ಲಿದ್ದ ತಂಬಾಕನ್ನು ಪಕ್ಕಕ್ಕೆ ಉಗುಳಿ, "ನಡುವಿನ ಸಾಲಿನಾಗ ಮೂರನೇ ಕಲ್ಲ ಹೊಟ್ಟಿ ಬಿಟ್ಟೈತಿ" ಎನ್ನುವಳು. ಗುಂಡು ಬಿಟ್ಟು ನೋಡಿದರೆ ಆ ಮೂರನೆಯ ಕಲ್ಲು ಒಂದು ಗೋಧಿ ಕಾಳಿನಷ್ಟು ಹೊರಗೆ ಬಂದಿರುತ್ತಿತ್ತು. ನಾನು ಚಿಕ್ಕೋಡಿಯ ಕಾಲೇಜಿನಲ್ಲಿ ಓದಿದವನು, ಇಂಥದ್ದನ್ನು ಸುಮ್ಮನೆ ನಂಬುವ ಜಾತಿಯಲ್ಲ. ಅವಳು ಊಟಕ್ಕೆ ಹೋದಾಗ ಐದಾರು ಸಲ ಗುಂಡು ಬಿಟ್ಟು ಪರೀಕ್ಷೆ ಮಾಡಿದೆ. ಐದಾರು ಸಲವೂ ನಾನೇ ಸೋತೆ.

ನಮ್ಮ ಐಗಳಿ ಕಡೆ ಗೌಂಡಿ ಎಂದರೆ ಗಂಡಸು. ಹೆಂಗಸಾದವಳು ಮಣ್ಣು ಕಲಸಬೇಕು, ಬುಟ್ಟಿ ಹೊರಬೇಕು, ಗೌಂಡಿ ಕೈಚಾಚಿದಾಗ ಕಲ್ಲು ಕೊಡಬೇಕು. ತಾನವ್ವನೂ ಹನ್ನೆರಡು ವರ್ಷ ಅದನ್ನೇ ಮಾಡಿದವಳು. ಅವಳ ಗಂಡ ಭೀಮಪ್ಪ ಒಳ್ಳೆಯ ಗೌಂಡಿ. ಒಂದು ದಿನ ಸುಣ್ಣದ ಗುಂಡಿಗೆ ನೀರು ಬಿಡುವಾಗ ಕುದಿಯುವ ಸುಣ್ಣ ಮುಖಕ್ಕೆ ಸಿಡಿದು ಅವನ ಎರಡೂ ಕಣ್ಣು ಹೋದವು. ಅವತ್ತು ಅರ್ಧಕ್ಕೆ ನಿಂತಿದ್ದ ಗೋಡೆಯನ್ನು ತಾನವ್ವ ಮರುವಾರ ಹೋಗಿ ತಾನೇ ಮುಗಿಸಿದಳಂತೆ. ಯಾರೂ ಕೇಳಲಿಲ್ಲ, ಯಾರೂ ಬೇಡ ಎನ್ನಲೂ ಇಲ್ಲ. ಅಲ್ಲಿಂದ ಅವಳು ಗೌಂಡಿಯಾದಳು. ಆದರೆ ಊರವರು ಅವಳಿಗೆ ಕೊಡುತ್ತಿದ್ದದ್ದು ಬಚ್ಚಲ ಗೋಡೆ, ದನಗಳ ಮೇವಿನ ಕಟ್ಟೆ, ಬಟ್ಟೆ ಒಗೆಯುವ ಕಲ್ಲು ಕೂಡಿಸುವ ಕೆಲಸ ಮಾತ್ರ. ಮನೆ ಕಟ್ಟಲು ಯಾರೂ ಕರೆಯುತ್ತಿರಲಿಲ್ಲ. ಎಲ್ಲಿ ಹೋದರೂ ಭೀಮಪ್ಪನನ್ನು ಕೈಹಿಡಿದು ಕರೆತಂದು ನೆರಳಿನಲ್ಲಿ ಕೂರಿಸುತ್ತಿದ್ದಳು. ಅಳತೆಗೆಂದು ಗಂಟು ಹಾಕಿದ ಹಗ್ಗದ ಒಂದು ತುದಿ ಅವನ ಕೈಯಲ್ಲಿ, ಇನ್ನೊಂದು ಅವಳ ಕೈಯಲ್ಲಿ. ಯಾರಾದರೂ "ಏನ ಗೌಂಡಿ ತಾನವ್ವಾ" ಎಂದು ಚಾಷ್ಟಿ ಮಾಡಿ ನಕ್ಕರೆ ತಲೆ ಎತ್ತದೆ ಹೇಳುವಳು: "ಗೌಂಡಿ ಅಂವಾ ರೀ. ನಾ ಬರೇ ಅವನ ಕೈ."

ಇಂಥವಳ ಹತ್ತಿರ ನಾನು ಹೋದದ್ದು ಗುಣ ಮೆಚ್ಚಿ ಅಲ್ಲ, ಗತಿ ಇಲ್ಲದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ತೊಂಬತ್ತರ ದಶಕ ಆಗ ಇನ್ನೂ ಹೊಸದು. ನಮ್ಮದು ತಲೆತಲಾಂತರದಿಂದ ಕಬ್ಬಿನ ಮನೆತನ. ಅಪ್ಪ ತೀರಿಕೊಂಡ ಮೇಲೆ ಅವರ ತಮ್ಮ, ನಮ್ಮ ಕಾಕಾ, ಮನೆಯ ಹಿರಿಯರು. ನಾನು ಹಟ ಹಿಡಿದು ತೋಟದ ಮನೆಯ ಮುಂದಿನ ಮೂರು ಎಕರೆಯಲ್ಲಿ ದ್ರಾಕ್ಷಿ ಹಚ್ಚಿದ್ದೆ. ಔಷಧ ಹೊಡೆಯಲು ಒಂದು ಹಳೆಯ ಕೆಂಪು ಟ್ರ್ಯಾಕ್ಟರ್ ತಂದಿದ್ದೆ. ಅದು ಮೂರು ಮನೆ ತಿರುಗಿ ನಾಲ್ಕನೆಯದಾಗಿ ನಮ್ಮಲ್ಲಿಗೆ ಬಂದದ್ದು. ಮಳೆ, ಬಿಸಿಲು ಏನಿದ್ದರೂ ಓಡುತ್ತಿತ್ತು, ಚಳಿ ಬಿದ್ದರೆ ಮಾತ್ರ ಹೆಣ. ದ್ರಾಕ್ಷಿಗೆ ವೈರಿ ಇರುವುದೂ ಆ ಚಳಿಯಲ್ಲೇ. ಬಳ್ಳಿ ಹೂ ಬಿಡುವ ಹೊತ್ತಿಗೆ ಮುಂಜಾನೆ ಮಂಜು ಬಿತ್ತೆಂದರೆ ಎಲೆಯ ಕೆಳಗೆ ಬಿಳಿ ಬೂಜು ಹತ್ತುತ್ತದೆ. ಹೊತ್ತು ಏರುವ ಮುಂಚೆ ಔಷಧ ಬೀಳದಿದ್ದರೆ ಹೂವೆಲ್ಲ ಉದುರಿ ಗೊಂಚಲಿನ ಕಡ್ಡಿ ಮಾತ್ರ ಉಳಿಯುತ್ತದೆ. ಹಿಂದಿನ ಚಳಿಗಾಲದಲ್ಲಿ ಬೇವಿನ ಮರದ ಕೆಳಗೆ ಬಯಲಲ್ಲಿ ನಿಂತ ಟ್ರ್ಯಾಕ್ಟರನ್ನು ನಾವು ಆರು ಜನ ದಬ್ಬಿದೆವು, ಬಿಸಿನೀರು ಸುರಿದೆವು, ಇಂಜಿನ್ ಕೆಳಗೆ ಕಬ್ಬಿನ ಒಣ ರವದಿಗೆ ಬೆಂಕಿ ಹಚ್ಚಿ ನಮ್ಮ ಮೀಸೆ ಸುಟ್ಟುಕೊಂಡೆವು. ಅದು ಎದ್ದಾಗ ಹೊತ್ತು ನೆತ್ತಿಗೆ ಬಂದಿತ್ತು. ಅರ್ಧಕ್ಕಿಂತ ಹೆಚ್ಚು ಬೆಳೆ ಹೋಯಿತು.

"ಒಂದ ವರ್ಷ ಕೊಡತೇನಿ," ಎಂದರು ಕಾಕಾ. "ಮುಂದಿನ ಚಳಿಗೂ ಹಿಂಗ ಆತಂದ್ರ ಬೇರಸಹಿತ ಕಿತ್ತ ಕಬ್ಬ ಹಚ್ಚತೇನಿ. ಮತ್ತ ನನ್ನ ಮುಂದ ದ್ರಾಕ್ಷಿ ಅನ್ನಬ್ಯಾಡ."

ಹೀಗಾಗಿ ಚಳಿ ಬೀಳುವ ಮೊದಲು ಟ್ರ್ಯಾಕ್ಟರಿಗೆ ಕಲ್ಲಿನ ಗೋಡೆಯ ಮನೆ ಆಗಬೇಕಿತ್ತು. ಮಹಾನವಮಿ ಮುಗಿದು ಬಳ್ಳಿಯ ಚಾಟಣಿ ಆಗಿತ್ತು. ಕತ್ತರಿಸಿದ ಬಳ್ಳಿ ಚಿಗುರಿ ಹೂವಿಗೆ ಬರಲು ನಲವತ್ತು ದಿನ. ಊರಿನ ಗೌಂಡಿಗಳೆಲ್ಲ ನಿಪ್ಪಾಣಿ ಕಡೆ ದೊಡ್ಡ ಕೆಲಸ ಹಿಡಿದು ಹೋಗಿದ್ದರು. ಕೇಳಿದವರೆಲ್ಲ ದೀಪಾವಳಿ ಆದ ಮೇಲೆ ನೋಡೋಣ ಎಂದರು. ಅವ್ವನೇ ತಾನವ್ವನ ಹೆಸರು ಎತ್ತಿದ್ದು. ಕಾಕಾ ನಕ್ಕರು. "ಹೆಣ್ಣಮಗಳ ಕೈಲೆ ಗ್ವಾಡಿ ಕಟ್ಟಸ್ತಿಯೇನಲೇ? ಕಟ್ಟಸು. ಬಿದ್ದ ಮ್ಯಾಲ ನನಗ ಹೇಳು."

ತಾನವ್ವ ಬಂದಳು. ನಾನು ಗ್ರಾಫ್ ಹಾಳೆಯ ಮೇಲೆ ಮೂರು ರಾತ್ರಿ ಕೂತು ಬರೆದ ನಕ್ಷೆಯನ್ನು ಹರಡಿದೆ. ಅವಳು ಅದರ ಕಡೆ ನೋಡಲೇ ಇಲ್ಲ. ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಹಾಕಿ, ಇಂಜಿನ್ ಮೇಲೆ ಅಂಗೈ ಇಟ್ಟು ಕೇಳಿದಳು: "ಇದಕ್ಕ ಥಂಡಿ ಯಾವ ಕಡಿಂದ ಬಡಿತೈತ್ರಿ?"

"ಥಂಡಿ ಅಂದ್ರ ಥಂಡಿ. ಅದಕ್ಕ ಯಾವ ಕಡೆ?" ಎಂದೆ ನಾನು.

ಅವಳು ಮರುದಿನ ನಸುಕಿನಲ್ಲಿ ಬಂದು ಶೆಡ್ಡಿನ ಜಾಗದ ನಾಲ್ಕು ಮೂಲೆಗೆ ನಾಲ್ಕು ಸೆಗಣಿ ಕುಳ್ಳು ಹೊತ್ತಿಸಿಟ್ಟು, ನಡುವೆ ಕುಕ್ಕರಗಾಲಲ್ಲಿ ಕೂತು ಹೊಗೆ ನೋಡತೊಡಗಿದಳು. ಅದರ ಮರುದಿನವೂ ಅದೇ. ಮೂರನೆಯ ದಿನವೂ ಅದೇ. ನಲವತ್ತರಲ್ಲಿ ಮೂರು ದಿನ ಹೊಗೆಯಾಗಿ ಹೋಯಿತಲ್ಲ ಎಂದು ನನಗೆ ಮೈಯೆಲ್ಲ ಉರಿ. ಅವ್ವ ಚಹಾ ಕಳಿಸಿದಳು. ತಾನವ್ವನಿಗೆಂದು ಬೇರೆ ಕಪ್ಪುಬಸಿ ಇರುತ್ತಿತ್ತು ನಮ್ಮ ಮನೆಯಲ್ಲಿ, ಗೋಡೆಯ ಗೂಡಿನಲ್ಲಿ. ಅದನ್ನು ಬರೆಯದೆ ಬಿಟ್ಟರೆ ನಾನು ಸುಳ್ಳ. ಅವಳು ತಾನೇ ಅದನ್ನು ತೆಗೆದುಕೊಂಡು, ಕುಡಿದು, ತೊಳೆದಿಟ್ಟು ಹೇಳಿದಳು:

"ನೋಡ್ರಿ ಸಣ್ಣ ಸಾವಕಾರ, ಗಾಳಿ ಆಗಲೇ ತಿರಗೈತಿ. ಚಳಿ ಮುಗಿಯೂತನಕ ಮೂಡಣದಿಂದನ ಬರ್ತೈತಿ. ಬಾಕಲಾ ಮೂಡಕ್ಕಿಟ್ರ ರಾತ್ರೆಲ್ಲ ಇಂಜಿನ್ ಮಾರಿಗೆ ಥಂಡಿ ಹೊಡಿತೈತಿ. ತೆಂಕಣಕ್ಕ ಇಡೂನ್ರಿ. ಚಳಿದಿನದಾಗ ಸೂರ್ಯಾ ಆ ಕಡೆ ಸರದಿರ್ತಾನ, ದಿನಾಪೂರ್ತಿ ಬಿಸಲ ಒಳಗ ಬರ್ತೈತಿ. ಹಿಂದಿನ ಕಲ್ಲಿನ ಗ್ವಾಡಿ ಒಮ್ಮಿ ಕಾದ್ರ ಮುಂಜಾನಿತನಕ ಆರೂದಿಲ್ಲ."

ಇಲ್ಲಿ ಬಂದು ಗಾಡಿ ನಿಂತಿತು. ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಎಂದರೆ ಬರೀ ಕಬ್ಬಿಣ ಅಲ್ಲ, ಸಾಕ್ಷಾತ್ ಲಕ್ಷ್ಮಿ. ಮಹಾನವಮಿಯ ಖಂಡೆಪೂಜೆಯ ದಿನ ಅವ್ವ ಅದರ ಬಾನೆಟ್ಟಿನ ಮೇಲೆ ಖಣ ಹಾಸಿ, ಐದು ಬೊಗಸೆ ಅಕ್ಕಿ, ಕೊಬ್ಬರಿ ಬಟ್ಟಲು ಇಟ್ಟು, ತವರಿಗೆ ಬಂದ ಮಗಳಿಗೆ ತುಂಬುವಂತೆ ಉಡಿ ತುಂಬುತ್ತಿದ್ದಳು. ಅಂಥವಳ ಮನೆಗೆ ದಕ್ಷಿಣದ ಬಾಗಿಲೆ? ಕಾಕಾ ಎದ್ದೇ ನಿಂತರು.

"ತೆಂಕಣ ಬಾಕಲಾ? ಯಮನ ದಿಕ್ಕ ಅದು! ಲಕ್ಷ್ಮಿ ಮಾರಿ ಮೂಡಣಕ್ಕ ಇರಬೇಕು. ನಮ್ಮ ದನದ ಕೊಟಗಿ ಸೈತ ಮೂಡಣಕ್ಕ ಅದಾವು."

ತಾನವ್ವ ನೆಲ ನೋಡುತ್ತಲೇ ಹೇಳಿದಳು: "ಸಾವಕಾರ್ರ, ಯಮಾ ಬಂದ್ರ ಟ್ರ್ಯಾಕ್ಟರ್ ಒಯ್ಯಾಂವಲ್ರಿ. ಮಂಜ ಬಂದ್ರ ದ್ರಾಕ್ಷಿ ಒಯ್ತೈತಿ."

ನನಗೆ ನಗು ಬಂತು, ಕಾಕಾನ ಮುಖ ನೋಡಿ ನುಂಗಿಕೊಂಡೆ. ಅವರು ಟವೆಲ್ ಕೊಡವಿ ಹೊರಟುಹೋದರು. ಅವಳ ಮಾತು ಸರಿ ಎಂದು ನನಗೆ ಅರ್ಥವಾಗಿತ್ತು. ಆದರೂ ಕಾಕಾನ ಎದುರು ನಿಂತು ಹಾಗೆ ಹೇಳುವ ಎದೆ ನನಗಿರಲಿಲ್ಲ. ಮೇಲಾಗಿ ನನ್ನ ನಕ್ಷೆಯಲ್ಲೂ ಬಾಗಿಲು ಪೂರ್ವಕ್ಕೇ ಇತ್ತು. "ಮೂಡಣಕ್ಕ ಕಟ್ಟು ತಾನವ್ವಾ" ಎಂದೆ. ಅವಳು ನನ್ನನ್ನು ಒಂದು ಗಳಿಗೆ ನೋಡಿ, "ಆತ್ರಿ. ಮನಿ ನಿಮ್ದು" ಎಂದು ಹಗ್ಗ ಹಿಡಿದಳು.

ಮುಂದಿನ ದಿನಗಳಲ್ಲಿ ನಾನು ಕಂಡದ್ದನ್ನು ಈಗ ಹೇಳಿದರೂ ಜನ ನಂಬುವುದಿಲ್ಲ. ಹಳೆಯ ಕೊಟ್ಟಿಗೆ ಬಿದ್ದು ಉಳಿದ ಕರಿಕಲ್ಲಿನ ರಾಶಿ ಇತ್ತು. ಅವಳು ಒಂದೊಂದು ಕಲ್ಲನ್ನೂ ಸುತ್ತಿಗೆಯಿಂದ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಿದ್ದಳು. "ಇದಕ್ಕ ಜೀವ ಐತಿ" ಎಂದು ಒಂದನ್ನು ಬಲಕ್ಕೆ, "ಇದು ಸತ್ತೈತಿ" ಎಂದು ಇನ್ನೊಂದನ್ನು ಎಡಕ್ಕೆ. ಸತ್ತದ್ದು ಎಂದು ಎಸೆದ ಕಲ್ಲನ್ನು ನಾನು ಒಡೆದು ನೋಡಿದರೆ ಒಳಗೆ ಕೂದಲೆಳೆಯಷ್ಟು ಬಿರುಕು. ರಾಶಿಯತ್ತ ಒಮ್ಮೆ ಕಣ್ಣು ಹಾಯಿಸಿ, ಗೋಡೆಯಲ್ಲಿ ಬಿಟ್ಟ ಸಂದಿಗೆ ಕೂರುವ ಕಲ್ಲನ್ನು ಕೈಮಾಡಿ ತೋರಿಸುವಳು. ತಂದಿಟ್ಟರೆ ಅದು ಉಳಿ ಮುಟ್ಟಿಸದೆ ಕೂತುಕೊಳ್ಳುತ್ತಿತ್ತು. ನೆರಳಿನಲ್ಲಿದ್ದ ಭೀಮಪ್ಪ ಕಲ್ಲು ಕೂತ ಸಪ್ಪಳ ಕೇಳಿಯೇ "ಬರೋಬರ್" ಎನ್ನುತ್ತಿದ್ದ. ನಾನು ದ್ರಾಕ್ಷಿಯ ಕೆಲಸ ಬಿಟ್ಟು ಅಲ್ಲೇ ನಿಂತುಬಿಡುತ್ತಿದ್ದೆ.

ಒಂದು ವಿಷಯಕ್ಕೆ ಮಾತ್ರ ಜಗಳವಾಯಿತು. ಬಾಗಿಲ ಮೇಲೆ ಕೂಡಿಸಲು ಅವಳು ಬೇವಿನ ತೊಲೆ ಎರಡು ಬೇಕೆಂದಳು.

"ಬಾಕಲಾ ಒಂದು, ತೊಲಿ ಎರಡ ಯಾಕ?"

"ಒಂದ ಬಾಕಲಕ, ಒಂದ ಗ್ವಾಡಿಗಿ."

"ಗ್ವಾಡಿಗಿ ಯಾರ ತೊಲಿ ಹಾಕ್ತಾರ?"

"ನಾ ಹಾಕ್ತೇನ್ರಿ."

ಗೊಣಗುತ್ತಲೇ ತರಿಸಿಕೊಟ್ಟೆ. ಮೇಲೆ ಹೊದಿಸುವ ಪತ್ರಾಸ್ ತರಲು ನಾನು ಚಿಕ್ಕೋಡಿಗೆ ಹೋಗಿ ಎರಡು ದಿನ ನಿಂತೆ. ಬರುವಷ್ಟರಲ್ಲಿ ದಕ್ಷಿಣದ ಗೋಡೆ ಎದ್ದು, ಮಣ್ಣಿನ ಗಿಲಾಯ ಆಗಿ, ಸೆಗಣಿ ಸಾರಿಸಿಯೂ ಆಗಿತ್ತು. ಎರಡನೆಯ ತೊಲೆ ಎಲ್ಲೂ ಕಾಣಲಿಲ್ಲ. ಗಡಿಬಿಡಿಯಲ್ಲಿ ನಾನು ಕೇಳಲೂ ಇಲ್ಲ. ಇಪ್ಪತ್ತೆರಡನೆಯ ದಿನ ಪತ್ರಾಸ್ ಏರಿತು, ಪೂರ್ವಕ್ಕೆ ತಗಡಿನ ಬಾಗಿಲು ನಿಂತಿತು. ಅಯ್ಯನವರು ಬಂದು ತೆಂಗಿನಕಾಯಿ ಒಡೆದರು. ಟ್ರ್ಯಾಕ್ಟರ್ ಸೂರ್ಯನಿಗೆ ಮುಖ ಮಾಡಿ ಒಳಗೆ ನಿಂತಿತು. ಕಾಕಾಗೂ ಸಮಾಧಾನವಾಯಿತು.

ಬಳ್ಳಿ ಹೂವಿಗೆ ಬಂದ ವಾರವೇ ಮಂಜು ಬಿತ್ತು. ನಾನು ನಸುಕಿನಲ್ಲಿ ಎದ್ದು ಓಡಿದೆ. ರಾತ್ರಿಯ ಮೂಡಣ ಗಾಳಿಗೆ ತಗಡಿನ ಬಾಗಿಲು ತೆರೆದುಕೊಂಡಿತ್ತು. ಒಳಗೆ ಹೊರಗಿನಷ್ಟೇ ಚಳಿ, ಇಂಜಿನ್ ಮೇಲೆ ನೀರ ಹನಿ. ಚಾವಿ ತಿರುಗಿಸಿದರೆ ಎರಡು ಸಲ ನರಳಿ ಸುಮ್ಮನಾಯಿತು. ದಬ್ಬಿ ಎಬ್ಬಿಸುವಷ್ಟರಲ್ಲಿ ಬಿಸಿಲು ಬಂದಿತ್ತು. ಮರುದಿನವೂ ಅದೇ ಹಣೆಬರಹ. ಅಂದು ಬಿಸಿಲು ಬರುತ್ತಲೇ ಎಲೆ ತಿರುವಿ ನೋಡಿದೆ. ಅಲ್ಲಲ್ಲಿ ಬಿಳಿ ಬೂಜು ಕೂತಿತ್ತು. ಕಾಕಾ ನನ್ನ ಹಿಂದೆಯೇ ಬಂದು ತಾವೂ ನಾಲ್ಕು ಎಲೆ ತಿರುವಿದರು. ಸಿಟ್ಟು ಮಾಡಲಿಲ್ಲ. "ಅಮಾಸಿ ಮುಗೀಲಿ," ಎಂದರು ಸಾವಕಾಶ, "ಕೀಳಾಕ ಆಳ ಹಚ್ಚತೇನಿ."

ಐದು ವರ್ಷ ಮಗುವಿನಂತೆ ಸಾಕಿದ ಬಳ್ಳಿ. ನನಗೆ ತಲೆ ಕೆಟ್ಟಿತು. ಕಾಕಾನ ಮೇಲೆ ತೀರಿಸಿಕೊಳ್ಳಲಾಗದ ಸಿಟ್ಟನ್ನು ಹೊತ್ತುಕೊಂಡು ನೇರ ತಾನವ್ವನ ಮನೆಗೆ ಹೋದೆ. ಬಾಗಿಲಲ್ಲೇ ನಿಂತು, ಓಣಿಯೆಲ್ಲ ಕೇಳುವಂತೆ ಕೂಗಿದೆ: "ಬುಟ್ಟಿ ಹೊರೂ ಹೆಣ್ಣಮಗಳ ಕೈಯಾಗ ಕೆಲಸಾ ಕೊಟ್ಟೆನಲ್ಲ, ನನಗ ಬುದ್ಧಿ ಇರಲಿಲ್ಲ! ನನ್ನ ಬಾಳೇ ಹಾಳ ಮಾಡಿದಿ!" ಪೂರ್ವಕ್ಕೆ ಬಾಗಿಲು ಇಡು ಎಂದವನು ನಾನೇ ಎಂಬುದು ಆ ಹೊತ್ತಿಗೆ ನನಗೆ ನೆನಪಿರಲಿಲ್ಲ. ಅಥವಾ ಇತ್ತು, ಬೇಕಾಗಿರಲಿಲ್ಲ.

ಒಳಗಿನಿಂದ ಭೀಮಪ್ಪ ಗೋಡೆ ತಡವುತ್ತ ಬಂದ. ನನ್ನ ದನಿ ಬಂದ ಕಡೆ ಮುಖ ಎತ್ತಿ ಹೇಳಿದ: "ಗೌಂಡಿ ನಾ ಅದೀನ್ರಿ ಸಾವಕಾರ. ಬೈಯೂದಿದ್ರ ನನಗ ಬೈರಿ. ಆಕಿ ನನ್ನ ಕೈ."

ತಾನವ್ವ ಅವನನ್ನು ಮೆಲ್ಲಗೆ ಕೂರಿಸಿದಳು. ತಂಬಾಕಿನ ಚಂಚಿ ಸೊಂಟಕ್ಕೆ ಸಿಕ್ಕಿಸಿ, ಮೂಲೆಯಲ್ಲಿದ್ದ ಕಬ್ಬಿಣದ ಹಾರೆ ಹೆಗಲಿಗೇರಿಸಿದಳು. "ಬೈಯಾಕ ಮುಂದ ಹೊತ್ತ ಸಿಗತೈತ್ರಿ. ಹೂವಿಗಿ ಹೊತ್ತಿಲ್ಲ. ನಡೀರಿ ಮದಲ."

ಶೆಡ್ಡಿನ ಹತ್ತಿರ ಕಾಕಾ ಕಲ್ಲಿನ ಮೇಲೆ ಕೂತಿದ್ದರು. ಅವಳು ಹಾರೆ ಊರಿ ನಿಂತಳು.

"ಸಾವಕಾರ್ರ, ತೆಂಕಣ ಗ್ವಾಡಿಗಿ ಹಾರಿ ಹಾಕ್ತೇನಿ. ಹೂಂ ಅನ್ರಿ."

"ಗ್ವಾಡಿ ಒಡದ್ರ ಮ್ಯಾಲಿನ ಪತ್ರಾಸ್ ಬಂದ ತೆಲಿ ಮ್ಯಾಲ ಬೀಳ್ತಾವು."

"ಬೀಳೂದಿಲ್ರಿ. ನೀವ ಹೂಂ ಅನ್ರಿ."

ಕಾಕಾ ಬಹಳ ಹೊತ್ತು ದ್ರಾಕ್ಷಿಯ ಕಡೆ ನೋಡಿದರು. ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ನೆಲ ನೋಡುತ್ತ "ಹೂಂ" ಎಂದರು. ಅವರ ಬಾಯಿಂದ ಅಂಥ ಸಣ್ಣ ದನಿ ನಾನು ಕೇಳಿರಲಿಲ್ಲ.

ತಾನವ್ವ ಗೋಡೆಯ ನಡುವೆ ಗಿಲಾಯ ಕೆರೆದಳು. ಹಾರೆಯ ತುದಿಯನ್ನು ಒಂದು ಸಂದಿಗೆ ಇಟ್ಟು ಮೆಲ್ಲಗೆ ಮೀಟಿದಳು. ಕಲ್ಲು ಹೊರಗೆ ಬಂತು. ಅದರ ಹಿಂದೆ ಮಣ್ಣೇ ಇರಲಿಲ್ಲ. ಇನ್ನೊಂದು ಮೀಟಿದಳು, ಅದೂ ಹಾಗೆಯೇ ಬಂತು. ನಡುವಿನ ಎಂಟು ಅಡಿ ಅಗಲದ ಕಲ್ಲುಗಳನ್ನೆಲ್ಲ ಅವಳು ಮಣ್ಣು ಹಾಕದೆ ಬರೀ ಒಂದರ ಮೇಲೊಂದು ಕೂರಿಸಿದ್ದಳು. ಎರಡೂ ಬದಿ ಗೋಡೆಯ ಅಂಚನ್ನು ಗೆರೆ ಹೊಡೆದಂತೆ ನೆಟ್ಟಗೆ ಕಟ್ಟಿ ಮುಗಿಸಿದ್ದಳು. ಮೇಲಿನ ಕಲ್ಲು ತೆಗೆದಾಗ ಕಾಣಿಸಿತು ನಾನು ಗೊಣಗಿ ತರಿಸಿದ್ದ ಎರಡನೆಯ ಬೇವಿನ ತೊಲೆ. ಮೇಲಿನ ಭಾರವನ್ನೆಲ್ಲ ಹೊತ್ತುಕೊಂಡು, ಒಂದು ಬಿರುಕಿಲ್ಲದೆ ಕೂತಿತ್ತು. ನಾವು ಬೇಡ ಎಂದ ಬಾಗಿಲನ್ನು ಅವಳು ಕಟ್ಟಿಯೇ ಇಟ್ಟು, ಅದಕ್ಕೆ ಕಲ್ಲು ತುಂಬಿ, ಮೇಲೆ ಮಣ್ಣು ಮೆತ್ತಿದ್ದಳು.

"ಮದಲ ಯಾಕ ಹೇಳಲಿಲ್ಲ ತಾನವ್ವಾ?" ಎಂದೆ.

"ಹೇಳಿದ್ರ ಕಟ್ಟಗೊಡತಿದ್ದಿರೇನ್ರಿ?" ಎಂದು ಬೆವರು ಒರೆಸಿಕೊಂಡಳು. "ನೀವ ಹೇಳಿದ್ದೂ ಕಟ್ಟೇನಿ. ಬೇಕಾದ್ದೂ ಕಟ್ಟೇನಿ."

ಅಷ್ಟಕ್ಕೇ ಮುಗಿಯಲಿಲ್ಲ. ತೆಗೆದ ಕಲ್ಲುಗಳನ್ನು ಪೂರ್ವಕ್ಕೆ ಸಾಗಿಸಿ, ತಗಡಿನ ಬಾಗಿಲು ಕಿತ್ತು ದಕ್ಷಿಣಕ್ಕೆ ನಿಲ್ಲಿಸಿ, ಆ ಸಂದಿಯನ್ನು ಅವುಗಳಿಂದಲೇ ಕಟ್ಟುತ್ತ ಬಂದಳು. ಹೊತ್ತು ಮುಳುಗುವಷ್ಟರಲ್ಲಿ ಕೊನೆಯ ಕಲ್ಲು ತೊಲೆಯ ಕೆಳಗೆ ಕೂತಿತು. ನೆಲದ ಮೇಲೆ ಒಂದು ಕಲ್ಲೂ ಉಳಿದಿರಲಿಲ್ಲ, ಗೋಡೆಯಲ್ಲಿ ಒಂದು ಕಲ್ಲಿನ ಜಾಗವೂ ಖಾಲಿ ಇರಲಿಲ್ಲ. ಎರಡು ಬಾಗಿಲಿನ ಅಳತೆಯನ್ನು ಮೊದಲ ದಿನವೇ ಅವಳು ತಲೆಯಲ್ಲಿ ಒಂದಕ್ಕೊಂದು ಹೊಂದಿಸಿಟ್ಟಿದ್ದಳು. ಕಾಕಾ ಎದ್ದು ಬಂದು ಆ ಕೊನೆಯ ಕಲ್ಲನ್ನು ಮುಟ್ಟಿ ನೋಡಿದರು. ಆಮೇಲೆ ಮನೆಯ ಕಡೆ ನಡೆದರು.

ಮರುದಿನ ಮಂಜು ಬೀಳಲಿಲ್ಲ. ದಿನಪೂರ್ತಿ ಬಿಸಿಲು ಶೆಡ್ಡಿನೊಳಗೆ ಬಂತು. ಅದರ ಮರುದಿನ ಬಿದ್ದ ಮಂಜಿನಲ್ಲಿ ಎದುರಿನ ಮನುಷ್ಯ ಕಾಣುತ್ತಿರಲಿಲ್ಲ. ನಾನು ದೇವರನ್ನು ನೆನೆದು ಚಾವಿ ತಿರುಗಿಸಿದೆ. ಟ್ರ್ಯಾಕ್ಟರ್ ಒಂದೇ ಏಟಿಗೆ ಎದ್ದಿತು. ನಾನು ಸ್ಟೇರಿಂಗ್ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ. ಹೊತ್ತು ಏರುವ ಮುಂಚೆ ಮೂರು ಎಕರೆಗೂ ಔಷಧ ಬಿತ್ತು. ರೋಗ ಹತ್ತಿದ ಎಲೆ ಹರಿದು ಸುಟ್ಟೆವು. ಹೂವು ಉಳಿಯಿತು. ಅಮಾವಾಸ್ಯೆ ಬಂತು, ಹೋಯಿತು, ಆಳು ಬರಲಿಲ್ಲ. ಸುಗ್ಗಿಗೆ ಬಂದ ಬೀಗರಿಗೆ ಕಾಕಾ ಶೆಡ್ಡು ತೋರಿಸುತ್ತ, "ಇದು ನಮ್ಮ ಗೌಂಡೇರು ಕಟ್ಟಿದ್ದು" ಎಂದದ್ದನ್ನು ನಾನು ಕಿವಿಯಾರೆ ಕೇಳಿದೆ. ಬೀಗರು ಯಾರೋ ಗಂಡಸು ಎಂದುಕೊಂಡಿರಬೇಕು. ಕಾಕಾ ತಿದ್ದಲಿಲ್ಲ, ಆದರೆ ಆ ಮರ್ಯಾದೆಯ ಮಾತು ಯಾರಿಗೆ ಸಲ್ಲಬೇಕಿತ್ತೋ ಅವಳು ನಾಲ್ಕು ಮಾರು ದೂರದಲ್ಲೇ ನಮ್ಮ ನೀರಿನ ಕಟ್ಟೆ ಕಟ್ಟುತ್ತಿದ್ದಳು. ಆಮೇಲೆ ಜನ ಅವಳನ್ನು ಮನೆ ಕಟ್ಟಲೂ ಕರೆದರು. ಐಗಳಿಯಲ್ಲಿ ಅವಳ ಕೈಯ ಮೂರು ಮನೆ ಈಗಲೂ ಇವೆ.

ಅವಳ ಬಾಗಿಲಲ್ಲಿ ನಾನು ಆಡಿದ ಮಾತು ಮಾತ್ರ ನನ್ನೊಳಗೆ ಹಾಗೇ ಕೂತಿತ್ತು. ತಪ್ಪಾಯಿತು ಎನ್ನಬೇಕು ಎಂದು ಎಷ್ಟು ಸಲ ಹೊರಟೆನೋ. ಅವಳ ಮುಂದೆ ನಿಂತರೆ ಹವಾಮಾನದ ಮಾತಾಡಿ ಬರುತ್ತಿದ್ದೆ. ಅಷ್ಟರಲ್ಲಿ ಭೀಮಪ್ಪ ತೀರಿಕೊಂಡ. ತಾನವ್ವ ಕೊಗನೊಳ್ಳಿಯ ಮಗಳ ಮನೆ ಸೇರಿದಳು. ಆ ದಶಕ ಮುಗಿಯುತ್ತ ಬಂದಾಗ, ಅವಳಿಗೆ ಮೈಯಲ್ಲಿ ಹುಷಾರಿಲ್ಲ ಎಂದು ಯಾರೋ ಹೇಳಿದರು. ನಮ್ಮ ತೋಟದ ಒಣದ್ರಾಕ್ಷಿ ಒಂದು ಚೀಲ ಕಟ್ಟಿಕೊಂಡು ಬಸ್ಸು ಹತ್ತಿದೆ.

ಹೊರಸಿನ ಮೇಲೆ ಕೂತಿದ್ದಳು. ಬೆರಳು ಗಂಟುಗಂಟಾಗಿ ಮಡಚಿಕೊಂಡಿದ್ದವು. ಈ ಸಲ ನಾನು ಹವಾಮಾನದ ಮಾತು ಎತ್ತಲಿಲ್ಲ. ಕೂತವನೇ ಹೇಳಿದೆ: "ತಾನವ್ವಾ, ಅವತ್ತ ನಿನ್ನ ಬಾಕಲದಾಗ ನಿಂತು ಮಾತಾಡಬಾರದ್ದ ಮಾತಾಡಿದೆ. ತಪ್ಪಾತು."

"ಯಾವ ಮಾತ್ರಿ?" ಎಂದಳು.

ಹೇಳಿದೆ. ಅವಳು ಹುಬ್ಬು ಗಂಟಿಕ್ಕಿ ಯೋಚಿಸಿದಳು. "ಮಂಜ ಬಿದ್ದ ದಿನ ನೀವ ಬಂದದ್ದ ನೆನಪೈತಿ. ಮೂಡಣ ಗ್ವಾಡಿಗಿ ಕಡೀಕ ಹಾಕಿದ ಕಲ್ಲ ನೆನಪೈತಿ, ಎಡಕ ಒಂದ ಮೂಲಿ ಮುಕ್ಕಾಗಿತ್ತ ಅದರದು. ಇದೊಂದ ನೆನಪಿಲ್ಲ ನೋಡ್ರಿ. ತೆಲಿಯಾಗ ಬರೇ ಕಲ್ಲ ತುಂಬ್ಯಾವು, ಮಾತಿಗಿ ಜಾಗಾ ಎಲ್ಲೈತಿ?" ಎಂದು ಬಾಯಿ ತುಂಬ ನಕ್ಕಳು. ನಿಜಕ್ಕೂ ಮರೆತಿದ್ದಳೋ, ನನ್ನನ್ನು ಬಿಟ್ಟುಬಿಟ್ಟಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಆಮೇಲೆ ಕೇಳಿದಳು: "ಬಳ್ಳಿ ಈಗ ಎಲ್ಲಿಗಿ ಬಂದೈತ್ರಿ?"

"ಹೂವಿಗಿ ಬಂದೈತಿ."

ಅವಳು ತಟ್ಟನೆ ಅಂಗಳದ ಆಚೆ ಆಕಾಶ ನೋಡಿದಳು. "ಹೂವಿಗಿ ಬಂದ ಬಳ್ಳಿ ಬಿಟ್ಟ ಇಲ್ಲಿ ಯಾಕ ಕೂತೀರಿ? ಗಾಳಿ ನಿಂತೈತಿ, ನಾಳಿ ಮಂಜ ಬೀಳತೈತಿ. ಏಳ್ರಿ, ಚಿಕ್ಕೋಡಿ ಬಸ್ಸ ತಪ್ಪಿದ್ರ ಮುಗೀತು." ಬೇಡ ಬೇಡ ಎಂದರೂ ಎದ್ದು, ಮಗಳ ಭುಜ ಹಿಡಿದು, ರಸ್ತೆಯವರೆಗೆ ಬಂದು ನನ್ನನ್ನು ಕಳಿಸಿದಳು.

ಮರುದಿನ ಮಂಜು ಬಿತ್ತು. ಅದಾಗಿ ನಾಲ್ಕನೆಯ ದಿನ ಸುದ್ದಿ ಬಂತು. ನಾನು ಹೋದಾಗ ಎಲ್ಲ ಮುಗಿದಿತ್ತು. ಅವಳ ಮಗಳು ನನ್ನನ್ನು ಗುರುತು ಹಿಡಿದು ಹತ್ತಿರ ಬಂದಳು.

"ನೀವ ಹ್ವಾದ ಮರದಿನ ನಸಕಿನ್ಯಾಗ ಅವ್ವ ನನ್ನ ಎಬ್ಬಿಸಿದ್ಲ್ರಿ. ಹೊರಗ ಹೋಗಿ ನೋಡ, ಮಂಜ ಬಿದ್ದೈತೇನ ಅಂದ್ಲು. ನೋಡಿ ಬಂದು, ಬಿದ್ದೈತಿ ಅಂದೆ. ಹಂಗಾರ ಸಣ್ಣ ಸಾವಕಾರ್ರು ಈಗ ಔಷಧ ಹೊಡಿಯಾಕತ್ತಿರಬೇಕು ಅಂದ್ಲು. ಮತ್ತ ಹೊಚ್ಚಿಕೊಂಡ ಮಲಗಿದ್ಲು."

ಆ ಹೊತ್ತಿಗೆ ನಾನು ಹೊಡೆಯುತ್ತಿದ್ದೆ.